ನಾಲ್ಕನೇ ಜ್ವರ

ನನ್ನ ತಮ್ಮನಿಗೆ ಬಂದ ಒಂದು ಫೋನಿನ ವಿಷಯವನ್ನು ನಾನು ಅವನಿಗೆ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡು ಬಂದು, ಅವನಿಗೆ ಊಟ ಬಡಿಸುತ್ತಾ ಎದುರಿಗೇ ಕೂತಿದ್ದು, ಹೇಳಲಿಲ್ಲ. ವಿಮಾನ ನಡೆಸುವ ಕೆಲಸ ಅವನ ಕೈಗೆ ಬರುವುದರಲ್ಲಿತ್ತು, ಬರಲಿಲ್ಲ. ಆ ತಪ್ಪು ಇನ್ನೊಬ್ಬನ ತಲೆಗೆ ಬಂದಾಗಲೂ ನಾನು ಬಾಯಿ ಬಿಡಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆಯುವಾಗ ಒತ್ತು, ದೀರ್ಘ ತಪ್ಪುತ್ತವೆ. ಆದರೂ ಇದನ್ನು ಬೇರೆಯವರಿಗೆ ಹೇಳಿ ಬರೆಸುವ ಹಾಗಿಲ್ಲ.

ನಮ್ಮ ಮನೆ ಟೇಕಲ್ ಸ್ಟೇಷನ್ನಿಗೆ ಹತ್ತಿರ. ಹಿತ್ತಲಿನಲ್ಲಿ ನಿಂತರೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಿಗ್ನಲ್ ಕಂಬ. ರಾಗಿ, ಸ್ವಲ್ಪ ತರಕಾರಿ, ಉಳಿದ ಜಮೀನೆಲ್ಲ ಹಿಪ್ಪುನೇರಳೆ. ಮನೆಯ ದೊಡ್ಡ ಅಂಕಣದಲ್ಲಿ ರೇಷ್ಮೆ ಹುಳುಗಳು ಇರುತ್ತಿದ್ದವು, ಸಣ್ಣದರಲ್ಲಿ ನಾವು. ತಮ್ಮ ಹುಟ್ಟಿದಾಗ ಅವನನ್ನು ಎತ್ತಿಕೊಳ್ಳಲು ಯಾರೂ ಇಲ್ಲವೆಂದು ನನ್ನನ್ನು ಸ್ಕೂಲು ಬಿಡಿಸಿದರು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಸೊಪ್ಪು ಬಿಡಿಸುವುದು ಕಲಿತೆ. ಮುಂದೆ ಸೋದರಮಾವನಿಗೇ ನನ್ನನ್ನು ಕೊಟ್ಟರು. ಅವರಿಗೆ ರೈಲ್ವೆ ಗ್ಯಾಂಗಿನಲ್ಲಿ ಕೆಲಸ, ಮನೆಗೆ ಬರುವುದು ಅಪರೂಪ. ಹಾಗಾಗಿ ನಾನು ಹುಟ್ಟಿದ ಮನೆಯಲ್ಲೇ ಉಳಿದೆ. ಅಪ್ಪ ತೀರಿಕೊಂಡ ಮೇಲೆ ಹುಳ, ತೋಟ, ತಮ್ಮ, ಎಲ್ಲವೂ ನನ್ನ ಕೈಕೆಳಗೆ ಬಂದವು. ಅಮ್ಮ ಇದ್ದಳು, ಆದರೆ ಅವಳು ಎಲ್ಲದಕ್ಕೂ "ನಿಮ್ಮಕ್ಕನ್ನ ಕೇಳು" ಅನ್ನುವವಳು.

ತಮ್ಮ ಕೋಲಾರದಲ್ಲಿ ಪಿಯುಸಿ ಓದುವಾಗ ಅವನಿಗೆ ವಿಮಾನದ ಹುಚ್ಚು ಹತ್ತಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಂಗಳೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆ ಇದೆ, ಬಡವರ ಮಕ್ಕಳಿಗೆ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತದೆ ಎಂದು ಯಾರೋ ಮೇಷ್ಟ್ರು ಹೇಳಿದರಂತೆ. ಹೋದ, ಸಿಕ್ಕಿತು. ಎಷ್ಟೋ ವರ್ಷ ಅಲ್ಲಿ ಕಲಿತ. ಮೋಡ ಇದ್ದರೆ ಕಾಯಬೇಕು, ಗಾಳಿ ಇದ್ದರೆ ಕಾಯಬೇಕು, ಪೆಟ್ರೋಲ್ ಬರಲಿಲ್ಲವೆಂದರೆ ಕಾಯಬೇಕು. ರಜಕ್ಕೆ ಬಂದಾಗ ಎತ್ತಿನ ಗಾಡಿ ಹೂಡಿದರೂ ಅದರ ಸುತ್ತ ಒಂದು ಸುತ್ತು ಬಂದು, ಅಚ್ಚಿನ ಕಡಾಣಿ ಮುಟ್ಟಿ ನೋಡಿ, ಗಾಲಿಯನ್ನು ಕೈಯಿಂದ ಅಲ್ಲಾಡಿಸಿ, ಆಮೇಲೆ ಹತ್ತುತ್ತಿದ್ದ. ವಿಮಾನ ಹತ್ತುವ ಮುಂಚೆ ಹಾಗೆ ಮಾಡಬೇಕಂತೆ.

"ಏನ್ಲಾ ಇದು, ಗಾಡಿಗೆ ಪ್ರದಕ್ಷಿಣೆ!" ಅನ್ನುತ್ತಿದ್ದಳು ಅಮ್ಮ. "ಮಂಗಳಾರತಿ ತರಲಾ?"

"ಮೇಲೆ ಹೋದ್ಮೇಲೆ ಇಳಿದು ನೋಡಕ್ಕಾಗಲ್ಲಮ್ಮ."

ಲೈಸೆನ್ಸು ಬಂತು, ಕೆಲಸ ಬರಲಿಲ್ಲ. ಸರ್ಕಾರದ ವಿಮಾನ ಕಂಪನಿಗೆ ಸಾವಿರಾರು ಜನ ಅರ್ಜಿ ಹಾಕಿ ಕೂತಿದ್ದರು. ಹಾರಾಡುತ್ತಾ ಇರದಿದ್ದರೆ ಆ ಲೈಸೆನ್ಸು ಕೆಲಸಕ್ಕೆ ಬಾರದೆ ಹೋಗುತ್ತದೆ, ಕೆಲಸವಿಲ್ಲದೆ ಹಾರಾಡಲು ನಮ್ಮಂಥವರಿಗೆ ಆಗುವುದಿಲ್ಲ. ಅವನು ಊರಿಗೆ ಬಂದು ನನ್ನ ಜೊತೆ ಸೊಪ್ಪು ಕೊಯ್ಯುತ್ತಿದ್ದ. ಅಂಥ ಹೊತ್ತಿನಲ್ಲಿ ಬೊಂಬಾಯಿಯ ಒಂದು ಖಾಸಗಿ ಕಂಪನಿ ಪೇಪರಿನಲ್ಲಿ ಜಾಹೀರಾತು ಕೊಟ್ಟಿತು. ಕಾರ್ಖಾನೆಗಳ ದೊಡ್ಡ ಮನುಷ್ಯರನ್ನು ಊರಿಂದೂರಿಗೆ ಕರೆದೊಯ್ಯಲು ಅವರ ಹತ್ತಿರ ಪುಟ್ಟ ಜೆಟ್ ವಿಮಾನ ಇತ್ತು. ಅದಕ್ಕೆ ಎರಡನೇ ಪೈಲಟ್ ಬೇಕಾಗಿದ್ದ.

"ಎಷ್ಟು ಜನ ಹಿಡಿಸ್ತಾರೋ ಅದರಲ್ಲಿ?" ಅಮ್ಮ ಕೇಳಿದಳು.

"ಎಂಟು ಜನ."

"ಅಷ್ಟೇನಾ? ಮಾಲೂರು ಜಟಕಾದಲ್ಲೇ ಅಷ್ಟು ಜನ ಬರ್ತಾರೆ, ಜೊತೆಗೆ ಒಂದು ಕುರೀನೂ."

ಅರ್ಜಿಯನ್ನು ಕೋಲಾರದಲ್ಲಿ ಟೈಪು ಮಾಡಿಸಿ ತಂದ. ಅಂಚೆಗೆ ಹಾಕುವ ಮುಂಚೆ ಕುರುಡುಮಲೆ ಗಣಪತಿಯ ಮುಂದೆ ಇಡಲೇಬೇಕೆಂದು ಅಮ್ಮ ಹಟ ಹಿಡಿದಳು. ಮೂವರೂ ಮುಳಬಾಗಿಲಿನ ಬಸ್ಸು ಹತ್ತಿದೆವು. ಪೂಜಾರಿಗಳು ಕವರನ್ನು ತಿರುಗಿಸಿ ನೋಡಿ, "ಜಾತಕಾನೇನಪ್ಪ?" ಎಂದರು. ವಿಮಾನದ ಕೆಲಸಕ್ಕೆ ಅರ್ಜಿ ಎಂದು ತಮ್ಮ ಹೇಳಿದ. "ನಮ್ಮ ಸ್ವಾಮಿ ಇಲಿ ಮೇಲೆ ಓಡಾಡೋರು. ಆಕಾಶದ ವ್ಯವಹಾರ ಅವರಿಗೆ ಹೇಗೋ ಏನೋ. ಇರಲಿ, ಇಡು" ಎಂದು ಪಾದದ ಹತ್ತಿರ ಇಟ್ಟು, ಕುಂಕುಮ ಹಚ್ಚಿ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಕೂತು ತಮ್ಮ ಕರ್ಚೀಫಿನಿಂದ ಆ ಕುಂಕುಮವನ್ನು ಅಮ್ಮನಿಗೆ ಕಾಣದಂತೆ ಒರೆಸುತ್ತಿದ್ದ. ನಾನು ನಕ್ಕೆ.

ಅರ್ಜಿಯಲ್ಲಿ ಫೋನ್ ನಂಬರು ಕೇಳಿದ್ದರು. ಸ್ಟೇಷನ್ ರಸ್ತೆಯ ಅಕ್ಕಿ ಮಿಲ್ಲಿನ ನಂಬರು ಬರೆದು, ಮುಂದೆ ಪಿ.ಪಿ. ಎಂದು ಹಾಕಿದ. ಆಗೆಲ್ಲ ಫೋನ್ ಇಲ್ಲದವರು ಹಾಗೆ ಬೇರೆಯವರ ನಂಬರು ಕೊಡುತ್ತಿದ್ದರು. ಪಿ.ಪಿ. ಅಂದರೆ ಪಕ್ಕದ ಫೋನು ಎಂದೇ ನಾನು ತಿಳಿದಿದ್ದೆ. ಮಿಲ್ಲಿನ ಲೆಕ್ಕ ಬರೆಯುವ ರೈಟರು ತಮ್ಮನ ಜೊತೆಯಲ್ಲಿ ಓದಿದವನು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೇ ಅರ್ಧ ಊಟ, ಅರ್ಧ ನಿದ್ದೆ. ನನ್ನನ್ನು ಅಕ್ಕ ಅನ್ನುತ್ತಿದ್ದ, ತಮ್ಮನನ್ನು ಪೈಲಟ್ ಸಾಹೇಬ ಅನ್ನುತ್ತಿದ್ದ. "ನಿನ್ನ ವಿಮಾನ ಮಿಲ್ಲಿನ ಮೇಲೆ ಹೋಗುವಾಗ ಒಂದು ಹಾರ್ನ್ ಹೊಡಿ ಸಾಹೇಬ, ಟೀ ತಂದಿಡ್ತೀನಿ" ಎಂದು ಕೀಟಲೆ ಮಾಡುತ್ತಿದ್ದ.

ಕಂಪನಿಯವರು ಒಂದು ಸಲ ಬೆಂಗಳೂರಿಗೆ ಕರೆಸಿ ಮಾತಾಡಿಸಿದರು. ಅವನು ಖುಷಿಯಾಗಿ ಬಂದ. ಇನ್ನು ಒಂದೇ ಬಾಕಿ, ಅವರ ವಿಮಾನ ಬೆಂಗಳೂರಿಗೆ ಬಂದಾಗ ಫೋನ್ ಮಾಡುತ್ತಾರೆ, ಅದರಲ್ಲಿ ಕೂರಿಸಿ ನೋಡುತ್ತಾರೆ ಎಂದ. ಜೊತೆಗೆ ಇನ್ನೊಂದು ಮಾತೂ ಹೇಳಿದ. "ಇದರಲ್ಲಿ ಓದಿಗಿಂತ ಮೈ ಮುಖ್ಯ ಅಕ್ಕ. ಕಿವಿ ಸ್ವಲ್ಪ ಮಂದ ಅಂದ್ರೂ ಆಗಲ್ಲ, ಮತ್ತೆ ಮತ್ತೆ ಕಾಯಿಲೆ ಬೀಳೋನು ಅಂದ್ರೂ ಆಗಲ್ಲ." ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಆಮೇಲೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಆ ಸಲದ ಬೆಳೆ ಚೆನ್ನಾಗಿ ಬಂದಿತ್ತು. ಗೂಡು ಕಟ್ಟುವ ಮುಂಚೆ ಹುಳುಗಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇದ್ದು, ಹಳೆಯ ಚರ್ಮ ಕಳಚಿ ಏಳುತ್ತವೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು, ಗಾಡಿಗಟ್ಟಲೆ ಸೊಪ್ಪು ಬೇಕು. ಹುಳ ಜ್ವರಕ್ಕೆ ಕೂತಾಗ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಮಾತನ್ನೂ ತಗ್ಗಿಸುತ್ತೇವೆ. ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಸುತ್ತಮುತ್ತಲ ಮನೆಗಳಲ್ಲೂ ಅದೇ ಹಂತ, ಹಾಗಾಗಿ ಹತ್ತಿರದಲ್ಲಿ ಎಲ್ಲೂ ಸೊಪ್ಪು ಸಿಗುವಂತಿರಲಿಲ್ಲ. ಮುಳಬಾಗಿಲ ಕಡೆಯ ನೆಂಟರ ತೋಟದಿಂದ ಸೊಪ್ಪು ತರಲು ತಮ್ಮ ಬೆಳಿಗ್ಗೆಯೇ ಹೋದ, ಸಾಯಂಕಾಲಕ್ಕೆ ಬರುವುದಿತ್ತು. ಅವತ್ತೇ ಮಿಲ್ಲಿನಿಂದ ರೈಟರು ಸೈಕಲ್ ತುಳಿದುಕೊಂಡು ಬಂದ.

"ಅಕ್ಕಾ, ಬೆಂಗಳೂರಿಂದ ಟ್ರಂಕಾಲ್! ಸಾಹೇಬ ಇಲ್ವಾ? ಹಂಗಾದ್ರೆ ನೀವೇ ಬನ್ನಿ, ಲೈನಲ್ಲೇ ಇದಾರೆ."

ರೇಷ್ಮೆ ಇಲಾಖೆಯವರು ಹೇಳಿದಂತೆ ಹುಳುಗಳ ಮೇಲೆ ಚೆಲ್ಲುತ್ತಿದ್ದ ಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಅವನ ಹಿಂದೆ ಓಡಿದೆ. ಫೋನ್ ಹಿಡಿದದ್ದು ಅದೇ ಮೊದಲು. ಒಂದು ಕಡೆ ಮಿಲ್ಲಿನ ಸದ್ದು, ಇನ್ನೊಂದು ಕಡೆ ತಂತಿಯ ಗೊರಗೊರ. ಆ ಕಡೆಯ ದನಿ ಬೆಂಗಳೂರಿನ ದೊಡ್ಡವರ ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷು.

"ನೀವು ಅವರ ಸಿಸ್ಟರಾ? ನಾಳಿದ್ದು ಬೆಳಿಗ್ಗೆ ಅವರು ಏರೋಡ್ರೋಮಿಗೆ ಬರಬೇಕಮ್ಮ. ವಿಮಾನ ಅವತ್ತೊಂದು ದಿನ ಮಾತ್ರ ಇರುತ್ತೆ."

ನಾನು ಯೋಚನೆ ಮಾಡಲೇ ಇಲ್ಲ. "ನಾಳಿದ್ದು ಆಗಲ್ಲ ಸಾರ್. ಜ್ವರ."

"ಜ್ವರಾನಾ? ಯಾವಾಗಿಂದ?"

"ನಿನ್ನೆಯಿಂದ. ಇದು ನಾಲ್ಕನೇದು ಸಾರ್. ಮೊದಲಿನ ಮೂರೂ ಚೆನ್ನಾಗೇ ಕಳೀತು."

"ನಾಲ್ಕು ಸಲ ಬಂತಾ? ಎಷ್ಟು ದಿನದಲ್ಲಿ?"

"ಈ ತಿಂಗಳಲ್ಲೇ. ನಮ್ಮೂರಲ್ಲಿ ಈಗ ಎಲ್ಲಾರ ಮನೇಲೂ ಇದೇ ಸಾರ್."

"ಊಟ ಗೀಟ?"

"ಜ್ವರದಲ್ಲಿ ಏನೂ ತಿನ್ನೋ ಹಂಗಿಲ್ವಲ್ಲ ಸಾರ್. ತಲೆ ಎತ್ಕೊಂಡು ಸುಮ್ನೆ ಇರೋದು."

"ಯಾರಿಗಾದರೂ ತೋರಿಸಿದ್ರಾ?"

"ಇಲಾಖೆಯವರು ಬಂದು ನೋಡ್ಕೊಂಡು ಹೋದ್ರು. ಸುಣ್ಣ ಚೆಲ್ಲಿ ಅಂದ್ರು, ಚೆಲ್ಲಿದೀವಿ."

"ಸುಣ್ಣಾನಾ?" ಎಂದರು. ಆಮೇಲೆ ಬಹಳ ಮೆಲ್ಲಗೆ, "ಸರಿ ಅಮ್ಮ. ಹುಷಾರಾಗಿ ನೋಡ್ಕೊಳ್ಳಿ" ಎಂದು ಇಟ್ಟುಬಿಟ್ಟರು.

ತಿರುಗಿ ನೋಡಿದರೆ ರೈಟರು ಲೆಕ್ಕದ ಮೇಜಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. "ಅಯ್ಯೋ ಅಕ್ಕಾ, ನಿಮ್ಮ ತಮ್ಮನ ಮೇಲೆ ಸುಣ್ಣ ಚೆಲ್ಲಿದ್ರಾ! ಅವರು ಮನುಷ್ಯರ ಜ್ವರ ಅಂದ್ಕೊಂಡ್ರು!" ನನಗೂ ನಗು ಬಂತು. ನಕ್ಕು ಮುಗಿಯುವ ಮುಂಚೆಯೇ, ಓದಿಗಿಂತ ಮೈ ಮುಖ್ಯ ಎಂದು ತಮ್ಮ ಹೇಳಿದ್ದು ನೆನಪಾಯಿತು. ಅವನೂ ನಗು ನಿಲ್ಲಿಸಿದ. "ನಂಬರು ಕೊಟ್ಟಿದಾರೆ ಅಕ್ಕ. ಟ್ರಂಕಾಲ್ ಬುಕ್ ಮಾಡ್ತೀನಿ. ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಸಿಗುತ್ತೆ. ಹುಳದ ಮಾತು ಅಂತ ಹೇಳಿಬಿಡೋಣ."

"ಹುಳ ಬಿಟ್ಟು ಬಂದಿದೀನಿ ಕಣೋ. ಬೇಡ ಬಿಡು" ಎಂದೆ.

"ಹಂಗಾದ್ರೆ ಸಾಯಂಕಾಲ ಬರಲಿ ಅವನು, ನಾನು ಹೇಳ್ತೀನಿ."

"ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ಅವನು ತಲೆಯಾಡಿಸಿದ. ಅಕ್ಕ ಹೇಳುತ್ತೇನೆ ಅಂದರೆ ಹೇಳುತ್ತಾಳೆ ಎಂದು ನಂಬಿದ.

ಸಾಯಂಕಾಲ ತಮ್ಮ ಬಂದ. ಟೆಂಪೋದಲ್ಲಿ ಒದ್ದೆ ಗೋಣಿ ಹೊದಿಸಿದ ಸೊಪ್ಪಿನ ಹೊರೆಗಳು. ಮೈಯೆಲ್ಲ ಸೊಪ್ಪಿನ ಹಾಲಿನ ಜಿಗುಟು. ನೆಂಟರ ಮನೆಯಲ್ಲಿ ಮಜ್ಜಿಗೆ ಕೊಡಲಿಲ್ಲವೆಂದು ತಮಾಷೆ ಮಾಡುತ್ತಾ ಮುದ್ದೆ ಮುರಿದ. "ಮಿಲ್ಲಿಂದ ಏನಾದ್ರೂ ಬಂತಾ ಅಕ್ಕ?" ಎಂದು ಕೇಳಿದ. ದಿನವೂ ಕೇಳುವ ಮಾತು ಅದು. ನಾನು "ಸಾರು ಹಾಕ್ಲಾ?" ಎಂದೆ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದರೆ ಅವನು ಆಗಲೇ ರೈಲು ಹತ್ತುತ್ತಿದ್ದ. ಜ್ವರ ಎದ್ದ ಹುಳುಗಳಿಗೆ ನಾನು ಒಬ್ಬಳೇ ಸೊಪ್ಪು ಹಾಕಬೇಕಾಗುತ್ತಿತ್ತು. ಇದು ನಿಜ. ಆದರೆ ಕೂಲಿಯವರು ಸಿಗುತ್ತಿದ್ದರು, ನನ್ನ ಗಂಡನಿಂದ ರಜ ಹಾಕಿಸಬಹುದಿತ್ತು. ಅವನು ಬೊಂಬಾಯಿಗೆ ಹೋದರೆ ಮತ್ತೆ ಈ ಮನೆಯವನಾಗಿ ಬರುವುದಿಲ್ಲ ಎಂಬ ಭಯವೂ ಇತ್ತು. ಅದಕ್ಕಿಂತ ಕೆಳಗೆ ಇನ್ನೊಂದು ಇತ್ತು. ಅವನಿಗೋಸ್ಕರ ನಾನು ಸ್ಲೇಟು ಎತ್ತಿಟ್ಟವಳು, ಅವನ ನಾಳೆ ನಾಳಿದ್ದುಗಳೆಲ್ಲ ನನ್ನವು ಎಂದುಕೊಂಡಿದ್ದೆ. ಅದಕ್ಕೇ ಫೋನಿನಲ್ಲಿ ಅವನನ್ನು ಕೇಳದೆ "ಆಗಲ್ಲ" ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಆ ಮಾತು, ಜ್ವರ ಆಮೇಲೆ ಬಂದದ್ದು.

ಹುಳ ಹಣ್ಣಾಗಿ ಗೂಡು ಕಟ್ಟಿದವು. ಅಷ್ಟು ಒಳ್ಳೆಯ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ. ಕೋಲಾರದ ಮಾರ್ಕೆಟ್ಟಿಗೆ ಗೂಡು ಹಾಕಿ, ತಮ್ಮ ಅಲ್ಲಿಂದಲೇ ಬೆಂಗಳೂರಿಗೆ ಹೋಗಿ ಕಂಪನಿಯ ಆಫೀಸಿನಲ್ಲಿ ವಿಚಾರಿಸಿದ. ಮಾರನೆಯ ದಿನ ಬಂದು ಹಿತ್ತಲಿನ ಒರಳಿನ ಮೇಲೆ ಕೂತ.

"ನನಗೆ ಪದೇ ಪದೇ ಜ್ವರ ಬರುತ್ತಂತೆ ಅಕ್ಕ. ಈ ಊರಿಂದ ಫೋನಲ್ಲೇ ಯಾರೋ ಹೇಳಿದಾರೆ. ಮಾತಾಡಿದೋರು ರಜದಲ್ಲಿದಾರೆ, ಮಿಕ್ಕೋರಿಗೆ ಅಷ್ಟೇ ಗೊತ್ತು. ಬೇರೆ ಹುಡುಗನ್ನ ತಗೊಂಡಾಯ್ತು."

ಅಮ್ಮ ಕೈ ಕೊಡವಿ ತೆಲುಗಿನಲ್ಲಿ ಶಾಪ ಹಾಕಿದಳು. ನಾನು ಮೊರದಲ್ಲಿ ರಾಗಿ ಕೇರುತ್ತಿದ್ದೆ. ಕೇರುತ್ತಲೇ, "ಯಾರೋ ಆಗದವರು ಹೇಳಿರ್ಬೇಕು" ಎಂದೆ.

ಅವನು ತಲೆ ಎತ್ತಿದ. ಫೋನು ಇದ್ದದ್ದು ಮಿಲ್ಲಿನಲ್ಲಿ, ಮಿಲ್ಲಿನಲ್ಲಿ ಫೋನು ಎತ್ತುವವನು ಒಬ್ಬನೇ. ನಾನು ಆ ಅರ್ಥದಲ್ಲಿ ಹೇಳಿರಲಿಲ್ಲ. ಆದರೆ ಅವನ ಮುಖ ನೋಡಿದ ಮೇಲೂ ಅಲ್ಲ ಎನ್ನಲಿಲ್ಲ. ಎದ್ದು ನೇರವಾಗಿ ಮಿಲ್ಲಿಗೆ ಹೋದ, ನಾನು ಅವನ ಹಿಂದೆ ಹೋದೆ.

"ನನ್ನ ವಿಷಯ ಏನೋ ಹೇಳಿದೆ ಅವರಿಗೆ?" ಎಂದು ಬಾಗಿಲಲ್ಲೇ ನಿಂತು ಕೇಳಿದ. "ತಮಾಷೆ ಮಾಡಿದ್ಯಾ, ಹೊಟ್ಟೆಕಿಚ್ಚಾ?"

ರೈಟರು ಅವನನ್ನು ನೋಡಿದ. ಆಮೇಲೆ ಅವನ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ಹೇಳಲಿ ಎಂದು ಕಾದ. ಅಕ್ಕಿ ಬೀಳುವ ಸದ್ದು ಕೇಳುತ್ತಲೇ ಇತ್ತು. ಕಾದು ಕಾದು ಕೊನೆಗೆ, "ನಾನೇನೂ ಕೆಟ್ಟದ್ದು ಹೇಳಿಲ್ಲ ಕಣೋ" ಎಂದು ಚೀಲ ಹೊಲಿಯುವ ಸೂಜಿ ಕೈಗೆ ತೆಗೆದುಕೊಂಡ. ತಮ್ಮ ಉಗಿದು ಬಂದ. ಆವತ್ತಿನಿಂದ ಅವರಿಬ್ಬರಿಗೆ ಮಾತಿಲ್ಲ. ಸಾಹೇಬ ಎಂದು ಕರೆಯುವವರು ಊರಿನಲ್ಲಿ ಇನ್ನಾರೂ ಇರಲಿಲ್ಲ.

ತಮ್ಮ ಇನ್ನೂ ಒಂದೆರಡು ಕಡೆ ಪ್ರಯತ್ನ ಪಟ್ಟ. ಲೈಸೆನ್ಸಿನ ಗಡುವು ಮುಗಿಯಿತು. ಕೋಲಾರದ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಒಂದು ಸ್ಕೂಟರು ಕೊಂಡ. ದಿನಾ ಬೆಳಿಗ್ಗೆ ಆ ಸ್ಕೂಟರಿಗೂ ಒಂದು ಸುತ್ತು ಬರುತ್ತಿದ್ದ. ಟೈರು ಒತ್ತಿ, ಬ್ರೇಕಿನ ತಂತಿ ಎಳೆದು, ಪೆಟ್ರೋಲಿನ ಮುಚ್ಚಳ ತಿರುಗಿಸಿ ನೋಡುತ್ತಿದ್ದ. ಅಮ್ಮ ಈಗ ಮಂಗಳಾರತಿಯ ಮಾತು ಎತ್ತುತ್ತಿರಲಿಲ್ಲ. ನಾನು ಆ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕ ಅರ್ಧಕ್ಕೆ ಬಂದಿತ್ತು, ಮಾವಿನ ಕಾಲ. ರೈಟರಿಗೆ ತಡವಾಗಿ ಮದುವೆ ಕೂಡಿ ಬಂತು, ಹೆಣ್ಣು ಶ್ರೀನಿವಾಸಪುರದ್ದು. ಅವನೂ ಅವನ ದೊಡ್ಡಮ್ಮನೂ ಕುಂಕುಮದ ಬಟ್ಟಲು ಹಿಡಿದು ನಮ್ಮ ಮನೆಗೆ ಕರೆಯಲು ಬಂದರು. ಅವತ್ತು ಭಾನುವಾರ, ತಮ್ಮ ಮನೆಯಲ್ಲೇ ಇದ್ದ. ಒಳಗಿನ ಅಂಕಣದಲ್ಲೇ ಕೂತಿದ್ದ, ಹೊರಗೆ ಬರಲಿಲ್ಲ. ದೊಡ್ಡಮ್ಮ ನನಗೂ ಅಮ್ಮನಿಗೂ ಕುಂಕುಮ ಕೊಟ್ಟಳು. ಹೋಗುವಾಗ ರೈಟರು ಹೊಸಿಲಲ್ಲಿ ನಿಂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ, "ಸಾಹೇಬನಿಗೂ ಹೇಳಿ ಅಕ್ಕ" ಎಂದ. ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಛತ್ರದ ಬಾಗಿಲ ತನಕ ನಿನ್ನ ಬಿಡ್ತೀನಿ" ಎಂದ ತಮ್ಮ. "ಒಳಗೆ ಬಾ ಅನ್ನಬೇಡ. ಅವನ ಮನೆ ಅನ್ನ ನನಗೆ ಇಳಿಯಲ್ಲ."

ಮದುವೆಯ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತೆ. ವಕ್ಕಲೇರಿ ಬಂತು, ಹೇಳಲಿಲ್ಲ. ಕೋಲಾರ ಬಂತು, ಹೇಳಲಿಲ್ಲ. ಶ್ರೀನಿವಾಸಪುರದ ರಸ್ತೆಯಲ್ಲಿ ಎರಡೂ ಕಡೆ ಮಾವಿನ ತೋಪು ಶುರುವಾದಾಗ, ಇನ್ನು ಊರು ಹತ್ತಿರ ಬಂತು ಎಂದು ಗೊತ್ತಾಗಿ, ಅವನ ಬೆನ್ನಿಗೆ ಹೇಳಿದೆ.

"ಏನಕ್ಕಾ? ಗಾಳೀಲಿ ಕೇಳಿಸ್ತಿಲ್ಲ. ಜೋರಾಗಿ ಹೇಳು."

"ಆವತ್ತು ಫೋನಲ್ಲಿ ಮಾತಾಡಿದ್ದು ನಾನು!"

ಅವನು ಸ್ಕೂಟರನ್ನು ಮರದ ಕೆಳಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದ. ನಾನು ಇಳಿದು ನಿಂತು, ಆ ಕಡೆಯವರು ಕೇಳಿದ್ದು, ನಾನು ಅಂದದ್ದು, ಎಲ್ಲವನ್ನೂ ಹೇಳಿದೆ. ಸುಣ್ಣದ ಮಾತು ಬಂದಾಗ ಅವನು ನಕ್ಕುಬಿಟ್ಟ. "ಸುಣ್ಣ ಚೆಲ್ಲಿದೀವಿ ಅಂದ್ಯಾ ಅವರಿಗೆ!" ಎಂದು ಸ್ಕೂಟರಿನ ಸೀಟಿಗೆ ಕೈ ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ತಾನಾಗಿ ಇಳಿಯಿತು.

"ಕರೆದಿದ್ದು ಯಾವತ್ತಿಗೆ?"

"ನಾಳಿದ್ದಿಗೆ."

"ನಾನು ಮುಳಬಾಗಿಲಿಂದ ಬಂದಿದ್ದು ಅವತ್ತೇ ಸಾಯಂಕಾಲ ಅಲ್ವಾ?"

"ಹೂಂ."

"ಅವನಿಗೂ ಗೊತ್ತಿತ್ತಾ?"

"ತಿರುಗಿ ಫೋನ್ ಮಾಡ್ತೀನಿ ಅಂದ. ನಾನೇ ಬೇಡ ಅಂದೆ. ನಿನಗೆ ಹೇಳಬೇಡ ಅಂತಲೂ ಅಂದೆ."

ಅವನು ಸ್ಕೂಟರಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ. ಬ್ರೇಕಿನ ತಂತಿ ಎಳೆದ. ನನ್ನ ಮುಖ ನೋಡದೆ, ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೇ, "ಹೋಗ್ಲಿ ಬಿಡಕ್ಕ" ಎಂದ. "ಜ್ವರ ಅನ್ನೋ ಮಾತು ಅವರಿಗೆ ಅರ್ಥ ಆಗ್ಲಿಲ್ಲ. ನೀನೇನು ಮಾಡ್ತೀಯ."

ನನಗೆ ಬಿಡಿಸಿಕೊಂಡು ಹೋಗಲು ಅವನೇ ದಾರಿ ಕೊಡುತ್ತಿದ್ದ. ಇಷ್ಟು ವರ್ಷ ನಾನೂ ಮನಸ್ಸಿನಲ್ಲಿ ಅದೇ ದಾರಿಯಲ್ಲಿ ಓಡಾಡಿದ್ದೆ.

"ಇಲ್ಲ ಕಣೋ" ಎಂದೆ. "ಜ್ವರ ಅಂದಿದ್ದು ಬಾಯಿ ತಪ್ಪಿ. ನಾಳಿದ್ದು ಆಗಲ್ಲ ಅಂದಿದ್ದು ಬಾಯಿ ತಪ್ಪಿ ಅಲ್ಲ. ನಿನ್ನ ಕೇಳದೆ ಅಂದೆ, ನಿನಗೆ ಹೇಳದೆ ಮುಚ್ಚಿಟ್ಟೆ. ಅವನ ಮೇಲೆ ಬಿದ್ದಾಗ ನೋಡ್ಕೊಂಡು ನಿಂತೆ. ಎದ್ದೇಳು, ಅವನ ಮುಂದೆ ಇನ್ನೊಂದು ಸಲ ಹೇಳ್ತೀನಿ. ತಪ್ಪಾಯ್ತು ಕಣೋ. ನನ್ನಿಂದ ತಪ್ಪಾಯ್ತು."